ಎಸಿ97 ಡ್ರೈವರ್: ವಿಎಂನಲ್ಲಿ ಮಾತ್ರ ಸೌಂಡ್ ತುಂಡು ತುಂಡು

ಬೈಟ್‌ಬಸವ
ತಲೆ ಕೆಟ್ಟುಹೋಗಿದೆ. ನಾನೇ ಬರೆದ ಪುಟ್ಟ ಓಎಸ್‌ಗೆ ಎಸಿ97 (ಹಳೇ ಸೌಂಡ್ ಕಾರ್ಡ್ ಮಾದರಿ) ಡ್ರೈವರ್ ಹಾಕಿದ್ದೇನೆ. ಹಳೇ ಮಷೀನ್‌ನಲ್ಲಿ ಸೌಂಡ್ ನೀಟಾಗಿ ಬರುತ್ತದೆ. ಅದೇ ಓಎಸ್ ಇಮೇಜನ್ನು ವಿಎಂನಲ್ಲಿ (ವರ್ಚುವಲ್ ಮಷೀನ್) ಓಡಿಸಿದರೆ ಕರ್ ಕರ್ ಅನ್ನುತ್ತದೆ. ಆಗ ಕೀಬೋರ್ಡ್ ಕೂಡ ತಡವರಿಸುತ್ತದೆ. ಕೋಡ್ ಎಲ್ಲ ಡೇಟಾಶೀಟ್ ಪ್ರಕಾರವೇ ಇದೆ, ಅದನ್ನು ಮಾತ್ರ ಕೇಳಬೇಡಿ.

ಐಆರ್‌ಕ್ಯೂ_ಐದು
ಇಂಟರಪ್ಟ್ (ಕಾರ್ಡ್ ಸಿಪಿಯುವನ್ನು ಕರೆಯುವ ಸಂಕೇತ) ಸಮಸ್ಯೆ, ಬೇರೇನೂ ಅಲ್ಲ. ಸ್ಟೇಟಸ್ ರಿಜಿಸ್ಟರ್‌ನ ಬಿಸಿಐಎಸ್ (ಬಫರ್ ಮುಗಿಯಿತು ಅನ್ನೋ) ಬಿಟ್‌ಗೆ 1 ಬರೆದು ಕ್ಲಿಯರ್ ಮಾಡುತ್ತಿದ್ದೀರಾ? ಪಿಸಿಐ ಲೈನ್ ಲೆವೆಲ್ ಟ್ರಿಗರ್. ಕ್ಲಿಯರ್ ಆಗದಿದ್ದರೆ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಕೋಡ್) ಮುಗಿದ ಕೂಡಲೇ ಮತ್ತೆ ಕರೆ ಬರುತ್ತದೆ.

ಬೈಟ್‌ಬಸವ
ಮಾಡುತ್ತಿದ್ದೇನೆ ಸ್ವಾಮಿ. ಎಣಿಸಿಯೂ ನೋಡಿದೆ, ಬಫರ್‌ಗೆ ಒಂದೇ ಇಂಟರಪ್ಟ್.

ಐಆರ್‌ಕ್ಯೂ_ಐದು
ಎಣಿಕೆ ನಂಬಬೇಡಿ. ಐಒ ಎಪಿಐಸಿ (ಇಂಟರಪ್ಟ್‌ಗಳನ್ನು ಸಿಪಿಯುಗೆ ತಲುಪಿಸುವ ಚಿಪ್) ಎಂಟ್ರಿಯಲ್ಲಿ ಪೊಲಾರಿಟಿ (ಸಂಕೇತ ಹೈಯೋ ಲೋವೋ ಅನ್ನೋದು) ಉಲ್ಟಾ ಇರುತ್ತದೆ, ನೋಡಿ.

ಮೂರುಮಾನಿಟರ್
ಈ ಕಾಲದಲ್ಲೂ ಎಸಿ97 ಯಾಕೆ ಗುರು? ಎಚ್‌ಡಿಎ (ಎಸಿ97 ನಂತರ ಬಂದ ಸೌಂಡ್ ಮಾದರಿ) ಬರೆಯಿರಿ. ಇಲ್ಲಾಂದ್ರೆ ಕ್ಯೂಎಮು (ವಿಎಂ ಓಡಿಸುವ ಸಾಫ್ಟ್‌ವೇರ್) 8.2ರಿಂದ ವರ್ಟ್‌ಐಒ (ವಿಎಂಗೆಂದೇ ಮಾಡಿದ) ಸೌಂಡ್ ಇದೆ, ಅದನ್ನೇ ಹಿಡಿಯಿರಿ. ನನ್ನ ಹತ್ತಿರ ಎರಡೂ ಓಡುತ್ತಿವೆ, ಒಂದೊಂದಕ್ಕೆ ಒಂದೊಂದು ಮಾನಿಟರ್, ಮೂರನೆಯದರಲ್ಲಿ ಬರೀ ಸೀರಿಯಲ್ ಲಾಗ್.

ಹಳೇಚಿಪ್ಪು
ಎಸಿ97 ಕಲಿಯೋಕೆ ಒಳ್ಳೆಯದು. 32 ಡಿಸ್ಕ್ರಿಪ್ಟರ್ (ಬಫರ್‌ಗಳ ಪಟ್ಟಿ), ಬೆರಳೆಣಿಕೆಯ ರಿಜಿಸ್ಟರ್, ಅಷ್ಟೇ. ಎಚ್‌ಡಿಎ ಅಂದರೆ ಮೊದಲು ಕೋಡೆಕ್‌ನ ನೋಡ್‌ಗಳನ್ನೆಲ್ಲ ಜಾಲಾಡಬೇಕು. ಅದಿರಲಿ. ಬಸವ ಅವರೇ, ಯಾವ ವಿಎಂ? ಪ್ಲೇ ಪೊಸಿಷನ್ ಎಲ್ಲಿ, ಹೇಗೆ ಓದುತ್ತೀರಿ?

ಬೈಟ್‌ಬಸವ
ವಿಎಂ ಕೆಲಸದ ಕಡೆ ಕೊಟ್ಟಿದ್ದು, ಬದಲಿಸೋ ಹಾಗಿಲ್ಲ. ಹೆಸರು ಹೇಳಿ ಜಗಳ ಯಾಕೆ. ಮನೆಯಲ್ಲಿ ಕ್ಯೂಎಮುನಲ್ಲಿ ಹಾಕಿದರೆ ಚೆನ್ನಾಗಿಯೇ ಓಡುತ್ತದೆ. ಪೊಸಿಷನ್ ಎಲ್ಲರೂ ಓದೋ ಹಾಗೇ, ಹ್ಯಾಂಡ್ಲರ್ ಒಳಗೆ. ಸಿಐವಿ (ಈಗ ನುಡಿಯುತ್ತಿರುವ ಬಫರ್‌ನ ನಂಬರ್) ಓದು, ಪಿಐಸಿಬಿ (ಅದರಲ್ಲಿ ಉಳಿದ ಸ್ಯಾಂಪಲ್‌ಗಳ ಎಣಿಕೆ) ಓದು, ಮತ್ತೆ ಎರಡನ್ನೂ ಓದು. ಎರಡು ಸಲವೂ ಒಂದೇ ಬರೋವರೆಗೆ ಲೂಪ್.

ಹಳೇಚಿಪ್ಪು
ಕ್ಯೂಎಮುನಲ್ಲಿ ಓಡುತ್ತದೆ ಅಂತ ಈಗ ಹೇಳ್ತಿದ್ದೀರಾ! ಆ ಲೂಪ್‌ಗೆ ಮಿತಿ ಇದೆಯಾ? ಓದಿದ ಪಿಐಸಿಬಿಗಳನ್ನು ಒಂದು ಅರೇಗೆ ಹಾಕಿ, ಸೌಂಡ್ ನಿಂತ ಮೇಲೆ ಪ್ರಿಂಟ್ ಮಾಡಿ. ಲೂಪ್ ಒಳಗೇ ಸೀರಿಯಲ್‌ಗೆ ಬರೆಯಬೇಡಿ, ಅದೂ ಪೋರ್ಟ್ ಐಒನೇ (ಡಿವೈಸ್ ಜೊತೆ ಓದು-ಬರಹ), ಲೆಕ್ಕ ಕೆಡಿಸುತ್ತದೆ.

ಐಆರ್‌ಕ್ಯೂ_ಐದು
ಪೊಲಾರಿಟಿ ನೋಡಿದ್ರಾ?

ಬೈಟ್‌ಬಸವ
ಪೊಲಾರಿಟಿ ಸರಿ ಇದೆ. ಮಿತಿ ಇಲ್ಲ, ನಿಜ ಮಷೀನ್‌ನಲ್ಲಿ ಬೇಕಾಗೇ ಇಲ್ಲ. ಅರೇ ಹೀಗಿದೆ:
ಸಿಐವಿ 5: 1874, 1870, 1867, 1863, 1860, 1856 ... ಕೆಳಗೆ ಇಳೀತಾನೇ ಹೋಗುತ್ತದೆ.

ಹಳೇಚಿಪ್ಪು
ಸಿಕ್ಕಿತು. 48,000 ಹರ್ಟ್ಸ್, ಎರಡು ಚಾನೆಲ್. ಪಿಐಸಿಬಿ ಲೆಕ್ಕದಲ್ಲಿ ಸೆಕೆಂಡಿಗೆ 96,000 ಸ್ಯಾಂಪಲ್, ಅಂದರೆ ಸುಮಾರು 10 ಮೈಕ್ರೋಸೆಕೆಂಡಿಗೆ ಒಂದು. ನಿಮ್ಮಲ್ಲಿ ಒಂದು ಓದಿಗೆ 3–4 ಇಳಿಯುತ್ತಿದೆ. ಹಾಗಾದರೆ ಪ್ರತಿ ಓದಿಗೆ 30–40 ಮೈಕ್ರೋಸೆಕೆಂಡ್ ಹೋಗುತ್ತಿದೆ. ಪೋರ್ಟ್ ಮುಟ್ಟಿದಾಗಲೆಲ್ಲ ಗೆಸ್ಟ್ (ವಿಎಂ ಒಳಗಿನ ಓಎಸ್) ನಿಲ್ಲಬೇಕು, ಹೋಸ್ಟ್ (ಹೊರಗಿನ ಮಷೀನ್) ಉತ್ತರ ಕೊಡಬೇಕು, ಮತ್ತೆ ಶುರುವಾಗಬೇಕು. ನಿಮ್ಮ ವಿಎಂ ಪ್ರತಿ ಓದಿಗೂ ಗಡಿಯಾರ ನೋಡಿ ಹೊಸ ಸಂಖ್ಯೆ ಲೆಕ್ಕ ಹಾಕಿ ಕೊಡುತ್ತಿರಬೇಕು. ಎರಡು ಓದು ಒಂದೇ ಆಗೋದೇ ಇಲ್ಲ. ಬಫರ್ ಮುಗಿಯೋವರೆಗೆ ಹ್ಯಾಂಡ್ಲರ್‌ನಲ್ಲೇ ಸಿಕ್ಕಿಬೀಳುತ್ತೀರಿ, ಕೀಬೋರ್ಡ್ ಹೊರಗೆ ಕಾಯುತ್ತದೆ. ಕ್ಯೂಎಮು ಪಿಐಸಿಬಿಯನ್ನು ಆಡಿಯೋ ಕಾಲ್‌ಬ್ಯಾಕ್‌ನಲ್ಲಿ ಗುಂಪಾಗಿ ಇಳಿಸುತ್ತದೆ. ಅದಕ್ಕೇ ಅಲ್ಲಿ ಎರಡು ಓದೂ ಸಾಮಾನ್ಯವಾಗಿ ಒಂದೇ.

ಹೀಗೆ ಮಾಡಿ: ಸಿಐವಿ, ಪಿಐಸಿಬಿ, ಮತ್ತೆ ಸಿಐವಿ. ಸಿಐವಿ ಬದಲಾಗಿಲ್ಲ, ಪಿಐಸಿಬಿ ಸೊನ್ನೆ ಅಲ್ಲ ಅಂದರೆ ಒಪ್ಪಿಕೊಳ್ಳಿ. ಲೂಪ್‌ಗೆ 10ರ ಮಿತಿ ಹಾಕಿ. ಅದೂ ದಾಟಿದರೆ ಹಿಂದಿನ ಪೊಸಿಷನ್‌ಗೆ ಕಳೆದ ಸಮಯ ಕೂಡಿಸಿ. ಸಿಐವಿ ಎರಡು ಸಲ ಓದೋದನ್ನು ಮಾತ್ರ ತೆಗೆಯಬೇಡಿ. ನಡುವೆ ಬಫರ್ ಬದಲಾದರೆ ಪೊಸಿಷನ್ ಒಂದಿಡೀ ಬಫರ್ ಹಿಂದಕ್ಕೆ ಹಾರುತ್ತದೆ.

ಲಿನಕ್ಸ್‌ನ ಇಂಟೆಲ್8ಎಕ್ಸ್0 ಡ್ರೈವರ್‌ನಲ್ಲೂ ಇದೇ ಉಪಾಯ ಇದೆ. ಇನ್‌ಸೈಡ್_ವಿಎಂ ಅನ್ನೋ ಆಪ್ಷನ್ ಹುಡುಕಿ. ನಿಜ ಕಾರ್ಡ್‌ಗೆ ಪಿಐಸಿಬಿಯ ಎರಡನೇ ಓದು ಉಳಿಸಿಕೊಂಡಿದ್ದಾರೆ.

ಮೂರುಮಾನಿಟರ್
ಹಾಗಾದರೆ ಸಿಪಿಯುಐಡಿ (ಸಿಪಿಯು ತನ್ನ ಬಗ್ಗೆ ಹೇಳುವ ಇನ್‌ಸ್ಟ್ರಕ್ಷನ್) ಲೀಫ್ 1, ಇಸಿಎಕ್ಸ್ ಬಿಟ್ 31 ನೋಡಿ. ಹೈಪರ್‌ವೈಸರ್ (ವಿಎಂ ಓಡಿಸುವ ಪದರ) ಇದ್ದರೆ ಈ ದಾರಿ, ಇಲ್ಲದಿದ್ದರೆ ಹಳೇ ದಾರಿ. ಎರಡು ಸಾಲು.

ಹಳೇಚಿಪ್ಪು
ನಿಜ ಕಾರ್ಡನ್ನೇ ವಿಎಂಗೆ ಪಾಸ್‌ಥ್ರೂ ಮಾಡಿದರೆ (ನೇರವಾಗಿ ಕೊಟ್ಟರೆ)? ಬಿಟ್ 31 ಸಿಪಿಯು ಬಗ್ಗೆ ಹೇಳುತ್ತದೆ, ಸೌಂಡ್ ಕಾರ್ಡ್ ಬಗ್ಗೆ ಅಲ್ಲ. ಪಿಸಿಐ ಸಬ್‌ಸಿಸ್ಟಮ್ ಐಡಿ (ಕಾರ್ಡ್‌ನ ಗುರುತು ಸಂಖ್ಯೆ) ನೋಡಿ. ಕ್ಯೂಎಮುದು 1ಎಎಫ್4:1100. ನಿಮ್ಮದರದ್ದು ಏನು ಅಂತ ಡಂಪ್ ಮಾಡಿ ನೋಡಿ.

ಮೂರುಮಾನಿಟರ್
ಎಸಿ97 ಯಾರು ಪಾಸ್‌ಥ್ರೂ ಮಾಡ್ತಾರೆ ಸ್ವಾಮಿ.

ಹಳೇಚಿಪ್ಪು
ನಿಮ್ಮಲ್ಲಿ ಮೂರು ಮಾನಿಟರ್ ಇದ್ದ ಹಾಗೆ ಯಾರದ್ದೋ ಮನೆಯಲ್ಲಿ ಅದೂ ಇರುತ್ತದೆ.

ಐಆರ್‌ಕ್ಯೂ_ಐದು
ನಾನು ಹೇಳಿದ್ದೂ ಅದೇ. ಹ್ಯಾಂಡ್ಲರ್‌ನಲ್ಲೇ ಸಮಸ್ಯೆ ಅಂತ.

ಬೈಟ್‌ಬಸವ
ಸೌಂಡ್ ಸರಿಹೋಯಿತು, ಕೀಬೋರ್ಡೂ ಚುರುಕಾಯಿತು. ಐಡಿ ಗಿಡಿ ನೋಡಲಿಲ್ಲ, ಎಲ್ಲ ಕಡೆ ಸಿಐವಿ ಮಾತ್ರ ಹೋಲಿಸುತ್ತಿದ್ದೇನೆ. ಹಳೇ ಮಷೀನ್‌ನಲ್ಲಿ ಇನ್ನೂ ನೋಡಬೇಕು. ಥ್ಯಾಂಕ್ಸ್ ಚಿಪ್ಪು ಅವರೇ. ಇನ್ನೊಂದು: ವಿಎಂ ಪಾಜ್ ಮಾಡಿ (ತಾತ್ಕಾಲಿಕವಾಗಿ ನಿಲ್ಲಿಸಿ) ಮತ್ತೆ ಶುರು ಮಾಡಿದರೆ ಸೌಂಡ್ ಬರೋದೇ ಇಲ್ಲ, ಸಿಐವಿ ಅಲ್ಲೇ ನಿಂತಿರುತ್ತದೆ.

ಹಳೇಚಿಪ್ಪು
ಆಗ ಸ್ಟೇಟಸ್ ರಿಜಿಸ್ಟರ್ ಎಷ್ಟು ತೋರಿಸುತ್ತದೆ? ಬಿಟ್ 0 ಏರಿದ್ದರೆ ಡಿಎಂಎ (ಕಾರ್ಡ್ ತಾನೇ ಮೆಮೊರಿ ಓದೋದು) ನಿಂತಿದೆ. ಎಲ್‌ವಿಐ (ಕೊನೆಯ ಸಿದ್ಧ ಬಫರ್‌ನ ನಂಬರ್) ಬೆಲೆಯನ್ನೂ ಹಾಕಿ.

ಐಆರ್‌ಕ್ಯೂ_ಐದು
ಇದಂತೂ ಖಂಡಿತ ಪೊಲಾರಿಟಿ.