ಪವರ್‌ಸಿಎಲ್‌ಐ ಅನ್ನು 40 ಸರ್ವರ್‌ಗಳಿಗೆ ಸದ್ದಿಲ್ಲದೆ ಹಾಕುವ ಸ್ಕ್ರಿಪ್ಟ್ ನಡುವೆಯೇ ನಿಂತುಬಿಡುತ್ತಿದೆ

ಪ್ರಶ್ನೆ

ಮಾನ್ಯರೇ, ವಿಎಂವೇರ್ ವರ್ಚುವಲ್ ಮಷೀನ್‌ಗಳನ್ನು (ಒಂದೇ ಯಂತ್ರದೊಳಗೆ ತಂತ್ರಾಂಶದಿಂದ ನಡೆಯುವ ಗಣಕಗಳು) ನೋಡಿಕೊಳ್ಳಲು ನಾವು ಪವರ್‌ಸಿಎಲ್‌ಐ ಬಳಸುತ್ತೇವೆ. ವಿಂಡೋಸ್‌ನ ಆಜ್ಞಾ ಸಾಧನವಾದ ಪವರ್‌ಶೆಲ್‌ಗೆ ವಿಎಂವೇರ್ ಆಜ್ಞೆಗಳನ್ನು ಸೇರಿಸುವ ಮಾಡ್ಯೂಲ್ (ಆಜ್ಞೆಗಳ ಕಟ್ಟು) ಅದು. 6.5 ಆವೃತ್ತಿಯ ಕಾಲದಲ್ಲಿ ಒಂದೇ ಇಎಕ್ಸ್‌ಇ ಕಡತಕ್ಕೆ ಸೈಲೆಂಟ್ ಸ್ವಿಚ್ (ಏನನ್ನೂ ಕೇಳದೆ ಹಾಕುವ ಆಯ್ಕೆ) ಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಈಗ 40 ವಿಂಡೋಸ್ ಸರ್ವರ್ 2016 ಯಂತ್ರಗಳಿಗೆ ಹೊಸ ಆವೃತ್ತಿಯನ್ನು ರಾತ್ರಿ ವೇಳೆ ಸಿಸ್ಟಂ ಖಾತೆಯಿಂದ (ವಿಂಡೋಸ್ ತಾನೇ ಬಳಸುವ ಒಳಖಾತೆ) ಹಾಕಿಸಲು ‘ಇನ್‌ಸ್ಟಾಲ್-ಮಾಡ್ಯೂಲ್’ ಆಜ್ಞೆಯಿರುವ ಸಣ್ಣದೊಂದು ಸ್ಕ್ರಿಪ್ಟ್ ಬರೆದಿದ್ದೇನೆ. ನನ್ನ ಗಣಕದಲ್ಲಿ ಅದು ಸರಾಗವಾಗಿ ಓಡುತ್ತದೆ. ಸರ್ವರ್‌ಗಳಲ್ಲಿ ಮಾತ್ರ ಲಾಗ್‌ನಲ್ಲಿ ‘ಆರಂಭ’ ಎಂಬ ಸಾಲು ಬಿದ್ದ ಮೇಲೆ ದೋಷವೂ ಇಲ್ಲ, ಮುಕ್ತಾಯವೂ ಇಲ್ಲ, ಒಂದು ಗಂಟೆಯ ನಂತರ ಕೆಲಸ ತಾನಾಗಿ ರದ್ದಾಗುತ್ತದೆ.

ಉತ್ತರ 1

ನಿಮ್ಮ ಸ್ಕ್ರಿಪ್ಟ್ ಕೆಟ್ಟಿಲ್ಲ. ಯಾರಿಗೂ ಕಾಣದ ಪರದೆಯ ಮೇಲೆ ಅದು ಪ್ರಶ್ನೆಯೊಂದನ್ನು ಕೇಳಿ, ಉತ್ತರಕ್ಕಾಗಿ ಕಾಯುತ್ತಿದೆ. 2017ರ 6.5.1 ಆವೃತ್ತಿಯಿಂದ ಪವರ್‌ಸಿಎಲ್‌ಐ ಪವರ್‌ಶೆಲ್ ಗ್ಯಾಲರಿಯ (ಮಾಡ್ಯೂಲ್‌ಗಳ ಅಂತರ್ಜಾಲ ಭಂಡಾರ) ಮೂಲಕ ಬರುತ್ತಿದೆ. ಅಲ್ಲಿಂದ ಇಳಿಸಿಕೊಳ್ಳಲು ನುಗೆಟ್ ಪ್ರೊವೈಡರ್ ಎಂಬ ಸಹಾಯಕ ತಂತ್ರಾಂಶ ಬೇಕು. ಅದು ಇಲ್ಲದಿದ್ದರೆ ಪವರ್‌ಶೆಲ್ ‘ಈಗ ಹಾಕಲೇ?’ ಎಂದು ಕೇಳುತ್ತದೆ, ಬಳಿಕ ‘ಈ ಭಂಡಾರವನ್ನು ನಂಬುತ್ತೀರಾ?’ ಎಂಬ ಇನ್ನೊಂದು ಪ್ರಶ್ನೆ. ನಿಮ್ಮ ಗಣಕದಲ್ಲಿ ಎಂದೋ ಒಮ್ಮೆ ‘ವೈ’ ಒತ್ತಿ ಮರೆತಿರುತ್ತೀರಿ.

ಅನುಮಾನವಿದ್ದರೆ ಒಂದು ಸರ್ವರ್‌ನಲ್ಲಿ ಪಿಎಸ್‌ಎಕ್ಸೆಕ್ (ಬೇರೆ ಖಾತೆಯ ಹೆಸರಿನಲ್ಲಿ ಪ್ರೋಗ್ರಾಂ ಓಡಿಸುವ ಮೈಕ್ರೋಸಾಫ್ಟ್ ಸಾಧನ) ಮೂಲಕ ಸಿಸ್ಟಂ ಖಾತೆಯ ಪವರ್‌ಶೆಲ್ ಕಿಟಕಿ ತೆರೆದು ಅದೇ ಸಾಲನ್ನು ಓಡಿಸಿ ನೋಡಿ. ಸ್ಕ್ರಿಪ್ಟಿನ ಆರಂಭದಲ್ಲಿ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪೀಕರಿಸುವ ನಿಯಮಾವಳಿ) 1.2 ಅನ್ನು ಆಯ್ಕೆ ಮಾಡಿ, ಏಕೆಂದರೆ ಗ್ಯಾಲರಿ 2020ರ ಏಪ್ರಿಲ್‌ನಲ್ಲಿ ಹಳೆಯ ಟಿಎಲ್‌ಎಸ್‌ಗಳನ್ನು ನಿಲ್ಲಿಸಿದೆ. ಆಮೇಲೆ ನುಗೆಟ್ ಪ್ರೊವೈಡರ್‌ನ 2.8.5.201 ಅಥವಾ ನಂತರದ ಆವೃತ್ತಿಯನ್ನು ‘ಫೋರ್ಸ್’ ಸ್ವಿಚ್‌ನೊಂದಿಗೆ ಹಾಕಿ, ‘ಸೆಟ್-ಪಿಎಸ್‌ರೆಪಾಸಿಟರಿ’ಯಿಂದ ಗ್ಯಾಲರಿಯನ್ನು ನಂಬಿಕೆಯ ಪಟ್ಟಿಗೆ ಸೇರಿಸಿ, ಕೊನೆಗೆ ‘ಆಲ್‌ಯೂಸರ್ಸ್’ ಸ್ಕೋಪ್‌ನಲ್ಲಿ (ಎಲ್ಲ ಬಳಕೆದಾರರಿಗೂ ಸಿಗುವಂತೆ) ಮಾಡ್ಯೂಲ್ ಹಾಕಿ. ಸ್ಕೋಪ್ ತಪ್ಪಿದರೆ ಅದು ಸಿಸ್ಟಂ ಖಾತೆಯ ಪ್ರೊಫೈಲ್‌ನೊಳಗೆ ಕುಳಿತು ಬೇರೆ ಯಾರಿಗೂ ಸಿಗದು. ಪವರ್‌ಶೆಲ್ ಅನ್ನೇ ‘ನಾನ್‌ಇಂಟರ್‌ಆಕ್ಟಿವ್’ ಸ್ವಿಚ್‌ನೊಂದಿಗೆ ಕರೆದರೆ, ಮುಂದೆ ಇಂಥ ಪ್ರಶ್ನೆ ಎದುರಾದಾಗ ಗಂಟೆಗಟ್ಟಲೆ ಕಾಯುವ ಬದಲು ದೋಷ ಹೇಳಿ ನಿಲ್ಲುತ್ತದೆ.

ಉತ್ತರ 2

ಮೇಲಿನ ಉತ್ತರ ಸರಿಯಾಗಿದೆ, ಆದರೆ 40 ಸರ್ವರ್‌ಗಳೂ ಅಂತರ್ಜಾಲಕ್ಕೆ ಹೋಗಿ ಒಂದೇ ಮಾಡ್ಯೂಲನ್ನು ತರುವುದು ನನಗೆ ಒಪ್ಪಿಗೆಯಿಲ್ಲ. ಒಂದು ಗಣಕದಲ್ಲಿ ‘ಸೇವ್-ಮಾಡ್ಯೂಲ್’ ಆಜ್ಞೆಯಿಂದ ಇಳಿಸಿಕೊಂಡು, ಪ್ರತಿ ಸರ್ವರ್‌ನ ಪ್ರೋಗ್ರಾಂ ಫೈಲ್ಸ್‌ನ ವಿಂಡೋಸ್‌ಪವರ್‌ಶೆಲ್ ಫೋಲ್ಡರ್‌ನಲ್ಲಿರುವ ‘ಮಾಡ್ಯೂಲ್ಸ್’ ಒಳಗೆ ನಕಲಿಸಿದರೆ ನುಗೆಟ್ಟೂ ಬೇಡ, ಪ್ರಶ್ನೆಗಳೂ ಇಲ್ಲ. ಪವರ್‌ಸಿಎಲ್‌ಐ ಹಲವು ಮಾಡ್ಯೂಲ್‌ಗಳ ಕಟ್ಟು, ಆದ್ದರಿಂದ ಆ ಹೆಸರಿನ ಒಂದೇ ಫೋಲ್ಡರ್ ನಕಲಿಸಿದರೆ ಸಾಲದು, ಜೊತೆಗೆ ಬಂದವೆಲ್ಲವೂ ಹೋಗಬೇಕು. ಬ್ರೌಸರ್‌ನಿಂದ ಇಳಿಸಿದ ಜಿಪ್ ಬಳಸುವುದಾದರೆ ಕಡತಗಳ ಮೇಲಿನ ವಿಂಡೋಸ್ ತಡೆಯನ್ನು ತೆಗೆಯುವ ‘ಅನ್‌ಬ್ಲಾಕ್-ಫೈಲ್’ ಆಜ್ಞೆ ಮರೆಯಬೇಡಿ. 6.5 ಇನ್ನೂ ಇರುವ ಯಂತ್ರಗಳಲ್ಲಿ ಮೊದಲು ಅದನ್ನು ತೆಗೆಯಿರಿ.

ಪ್ರಶ್ನೆ ಕೇಳಿದವರಿಂದ

ಪಿಎಸ್‌ಎಕ್ಸೆಕ್ ಕಿಟಕಿಯಲ್ಲಿ ನುಗೆಟ್ ಪ್ರಶ್ನೆ ಕಣ್ಣಾರೆ ಕಂಡಿತು. ಮೊದಲ ಉತ್ತರದಂತೆ ಮಾಡಿದ್ದರಿಂದ 38 ಸರ್ವರ್‌ಗಳಲ್ಲಿ ಕೆಲಸವಾಗಿದೆ. ಉಳಿದೆರಡರಲ್ಲಿ ‘ಗೆಟ್-ವಿಎಂ ಮುಂತಾದ ಆಜ್ಞೆಗಳು ಈಗಾಗಲೇ ಈ ಯಂತ್ರದಲ್ಲಿವೆ’ ಎಂಬ ದೋಷ ಬಂದಿದೆ.

ಉತ್ತರ 1

ಆ ಎರಡರಲ್ಲಿ ಹೈಪರ್-ವಿಯ (ಮೈಕ್ರೋಸಾಫ್ಟ್‌ನ ವರ್ಚುವಲ್ ಮಷೀನ್ ವ್ಯವಸ್ಥೆ) ಪವರ್‌ಶೆಲ್ ಮಾಡ್ಯೂಲ್ ಇದೆ. ಅದರಲ್ಲಿಯೂ ಗೆಟ್-ವಿಎಂ ಉಂಟು. ಅದೇ ಹೆಸರಿನ ಆಜ್ಞೆಗಳಿದ್ದರೂ ಹಾಕಲು ಬಿಡುವ ‘ಅಲೌಕ್ಲಾಬರ್’ ಸ್ವಿಚ್ ಸೇರಿಸಿದರೆ ಮಾಡ್ಯೂಲ್ ಕೂರುತ್ತದೆ. ಆದರೆ ಆಮೇಲೆ ಬರಿಯ ‘ಗೆಟ್-ವಿಎಂ’ ಎಂದರೆ ಯಾವುದು ಓಡುವುದೋ ಹೇಳಲಾಗದು, ಆದ್ದರಿಂದ ಆ ಸರ್ವರ್‌ಗಳ ಸ್ಕ್ರಿಪ್ಟ್‌ಗಳಲ್ಲಿ ಆಜ್ಞೆಗೆ ಮೊದಲು ‘ವಿಎಂವೇರ್.ವಿಮ್‌ಆಟೊಮೇಷನ್.ಕೋರ್’ ಎಂಬ ಮಾಡ್ಯೂಲ್ ಹೆಸರು ಮತ್ತು ಹಿಮ್ಮುಖ ಓರೆಗೆರೆಯನ್ನು ಕಡ್ಡಾಯವಾಗಿ ಬರೆಯಿರಿ.