ಸಹಾಯ ಬೇಕು: ಭಿನ್ನರಾಶಿ ಕೂಡೋದನ್ನು ಕೈಯಲ್ಲಿ ಮಾಡಿಸಿ ಕಲಿಸಿದವರು ಇದ್ದೀರಾ?

ಮಂಡ್ಯ ಹತ್ತಿರದ ಹಳ್ಳಿ ಶಾಲೆಯಲ್ಲಿ 5ನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. 3ನೇ ತರಗತಿವರೆಗೆ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಕಾರ್ಡು, ಆಟ ಅಂತ ಕಲಿತ ಮಕ್ಕಳು (1995ರಲ್ಲಿ ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲೇ ಶುರುವಾಗಿದ್ದು ಅಲ್ವಾ) ಆಮೇಲೆ ಬೋರ್ಡು ನೋಡಿ ಸುಮ್ನೆ ಬರೆದುಕೊಳ್ಳುತ್ತಾರೆ. ಅಚ್ಚು ಬೆಲ್ಲ ಒಡೆದು ಅರ್ಧ, ಕಾಲು ತೋರಿಸಿದೆ. ಅರ್ಥವಾಯಿತು, ಬೆಲ್ಲ ಮಾತ್ರ ಉಳಿಯಲಿಲ್ಲ! ಆದರೆ 1/2ಕ್ಕೆ 1/3 ಕೂಡಿಸಿ ಅಂದರೆ ಇನ್ನೂ 2/5 ಅಂತಲೇ ಬರೆಯುತ್ತಾರೆ. ಅರ್ಧಕ್ಕಿಂತ ಕಡಿಮೆ ಆಯಿತಲ್ಲ ಅಂದರೂ ಯಾರಿಗೂ ಅನುಮಾನವೇ ಇಲ್ಲ.

6 ಚೌಕದ ಕಾಗದದ ಪಟ್ಟಿ ಕೊಟ್ಟು, 3 ಚೌಕಕ್ಕೆ ಒಂದು ಬಣ್ಣ, 2ಕ್ಕೆ ಇನ್ನೊಂದು ಹಚ್ಚಿಸಿ 5/6 ಕಾಣಿಸೋಣ ಅಂದುಕೊಂಡಿದ್ದೇನೆ. ಆದರೆ 6 ಚೌಕವೇ ಯಾಕೆ ಅನ್ನೋದನ್ನು ನಾನು ಹೇಳದೆ ಅವರೇ ಕಂಡುಕೊಳ್ಳುವಂತೆ ಮಾಡೋದು ಹೇಗೆ? 38 ಮಕ್ಕಳು, 40 ನಿಮಿಷ. ಗುಂಪಿನಲ್ಲಿ ಎಷ್ಟು ಜನ ಇದ್ದರೆ ಗಲಾಟೆ ಜಾಸ್ತಿ ಆಗಲ್ಲ? ಮಾಡಿ ನೋಡಿದವರು ದಯವಿಟ್ಟು ಹೇಳಿ, ಸೋಮವಾರವೇ ಪಾಠ ಇದೆ.