'ರಿಲೇಟಿವ್ ಇಂಪೋರ್ಟ್'ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುವ ಮಕ್ಕಳಿಗೆ ಸಂಜೆ ಹೊತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ, ಕನ್ನಡದಲ್ಲೇ. ಮೊನ್ನೆ ಮೂಡಿಗೆರೆ ಕಡೆಯ ಹುಡುಗನೊಬ್ಬ 'ತೋಟ' ಎಂಬ ಫೋಲ್ಡರಿನಲ್ಲಿ 'ತೂಕ', 'ಬೆಲೆ' ಅಂತ ಎರಡು ಫೈಲು ಮಾಡಿ, 'ತೂಕ'ದಲ್ಲಿ ಬರೆದದ್ದನ್ನು 'ಬೆಲೆ'ಗೆ ಪಡೆಯಲು ಹೊರಟಿದ್ದ. 'ಬೆಲೆ'ಯನ್ನು ಓಡಿಸಿದ ಕೂಡಲೇ ಎರರ್ ಬಂತು: 'ಅಟೆಂಪ್ಟೆಡ್ ರಿಲೇಟಿವ್ ಇಂಪೋರ್ಟ್ ವಿತ್ ನೋ ನೋನ್ ಪೇರೆಂಟ್ ಪ್ಯಾಕೇಜ್'. ಅರ್ಥ ಹೇಳು ಎಂದೆ. "ರಿಲೇಟಿವ್ ಅಂದ್ರೆ ನೆಂಟರು, ಪೇರೆಂಟ್ ಅಂದ್ರೆ ಅಪ್ಪ ಅಮ್ಮ. ಯಾರೂ ಗೊತ್ತಿಲ್ಲ ಅಂತಿದೆ ಸಾರ್" ಎಂದ. ತಪ್ಪು ಅವನದಲ್ಲ. ಅವನಿಗೆ ಕೊಡಲು ನನ್ನ ಬಳಿ ಪದವಿರಲಿಲ್ಲ.

ಹೀಗೆ ಒಂದು ಫೈಲಿನಲ್ಲಿರುವುದನ್ನು ಇನ್ನೊಂದರಲ್ಲಿ ಬಳಸಲು ಪಡೆಯುವುದೇ ಇಂಪೋರ್ಟ್. ಅದಕ್ಕೆ 'ಆಮದು' ಎಂದು ಬರೆಯುವುದುಂಟು. ನಮ್ಮ ಕಡೆ ಆಮದು ಅಂದರೆ ವಿಯೆಟ್ನಾಂ ಮೆಣಸು: ಹಡಗು, ಸುಂಕ, ಬೆಲೆ ಕುಸಿತ. ಪಕ್ಕದ ಫೈಲಿನಿಂದ ಪಡೆಯುವುದಕ್ಕೆ ಅದು ಒಗ್ಗದು. 'ಎರವಲು' ಅಂದರೆ ವಾಪಸು ಕೊಡಬೇಕು. 'ತರಿಸು' ಎನ್ನುತ್ತೇನೆ, ಮಕ್ಕಳಿಗೆ ತಕ್ಷಣ ತಿಳಿಯುತ್ತದೆ.

ಕಷ್ಟ ಇರುವುದು ರಿಲೇಟಿವ್‌ನಲ್ಲಿ. 'ಸಾಪೇಕ್ಷ' ಅಂದರೆ ಐನ್‌ಸ್ಟೈನ್ ಕಡೆ ಮನಸ್ಸು ಹೋಗುತ್ತದೆ. ಪೈಥಾನಿನಲ್ಲಿ ತರಿಸುವ ಸಾಲಿನ 'ಫ್ರಮ್' ಆದಮೇಲೆ ಒಂದು ಚುಕ್ಕಿ ಇಟ್ಟರೆ ನಾನಿರುವ ಪ್ಯಾಕೇಜು, ಅಂದರೆ ಈ ಫೈಲಿರುವ ಫೋಲ್ಡರು; ಎರಡಿಟ್ಟರೆ ಅದರ ಮೇಲಿನದು. ತೋಟದಲ್ಲಿ ದಾರಿ ಹೇಳಿದ ಹಾಗೆ: "ಇಲ್ಲಿಂದ ಕಣ ದಾಟಿ, ಲೈನ್ ಮನೆ ಪಕ್ಕ". 'ಇಲ್ಲಿ' ಎಲ್ಲಿ ಅಂತಲೇ ಗೊತ್ತಿಲ್ಲದವನಿಗೆ ಅದು ದಾರಿಯೇ ಅಲ್ಲ. ಹುಡುಗನ ಫೈಲಿಗೆ ಆಗಿದ್ದೂ ಅದೇ. ನೇರವಾಗಿ ಓಡಿಸಿದ ಫೈಲಿಗೆ ಪೈಥಾನ್ 'ಮೇನ್' ಅಂತ ಹೆಸರಿಡುತ್ತದೆ, ಯಾವ ಪ್ಯಾಕೇಜಿನದೆಂದು ನೋಡುವುದಿಲ್ಲ. 'ತೋಟ'ದಿಂದ ಒಂದು ಫೋಲ್ಡರ್ ಮೇಲಕ್ಕೆ ಬಂದು, ಓಡಿಸುವ ಆಜ್ಞೆಗೆ ಹೈಫನ್ ಎಮ್ (ಫೈಲನ್ನು ಅದರ ಪ್ಯಾಕೇಜಿನ ಭಾಗವಾಗಿ ಓಡಿಸು ಎಂಬ ಸೂಚನೆ) ಹಾಕಿ, 'ತೋಟ' ಚುಕ್ಕಿ 'ಬೆಲೆ' ಎಂದು ಓಡಿಸಿದಾಗ ಸರಿಹೋಯಿತು. 2008ರ ಪೈಥಾನ್ 3ರಿಂದ ಪ್ಯಾಕೇಜಿನೊಳಗೆ ಪಕ್ಕದ ಫೈಲಿಗೂ ಈ ಚುಕ್ಕಿಯೋ ಪೂರ್ತಿ ಹೆಸರೋ ಬೇಕೇ ಬೇಕು, ಹಾಗಾಗಿ ಈ ಪದವನ್ನು ಬಿಟ್ಟು ಪಾಠ ಮಾಡುವಂತಿಲ್ಲ.

ಪೇರೆಂಟ್ ಪ್ಯಾಕೇಜಿಗೆ 'ತಾಯಿ ಪ್ಯಾಕೇಜು' ಎಂದಿದ್ದೇನೆ, ತಾಯಿಬೇರು ಇರುವಂತೆ. ರಿಲೇಟಿವ್ ಇಂಪೋರ್ಟ್‌ಗೆ 'ಇಲ್ಲಿಂದ ತರಿಸುವುದು' ಅಂದರೆ ಪಾಠದಲ್ಲಿ ನಡೆಯುತ್ತದೆ, ಪದಪಟ್ಟಿಯಲ್ಲಿ ನಿಲ್ಲುವ ನಾಮಪದ ಅದಲ್ಲ. 'ನೆರೆ' ಸೇರಿಸಿ ಕಟ್ಟಿ ನೋಡಿದೆ. ಎರಡು ಚುಕ್ಕಿಯ ಅರ್ಥ ಅದರಲ್ಲಿ ಬರುವುದಿಲ್ಲ, ಮೇಲಾಗಿ ಮಲೆನಾಡಿನಲ್ಲಿ ನೆರೆ ಅಂದರೆ ಮೊದಲು ಹೊಳೆ ಉಕ್ಕಿದ್ದೇ ನೆನಪಾಗುತ್ತದೆ. ನಿಮ್ಮ ಊರಿನಲ್ಲಿ ನಿಂತ ಜಾಗದಿಂದ ದಾರಿ ಎಣಿಸಿ ಹೇಳುವುದಕ್ಕೆ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ.